ತಟ್ಟೆಯಲ್ಲಿ ಹನ್ನೆರಡು ಬಳೆ

ಒಂದು ಹಿತ್ತಾಳೆ ತಟ್ಟೆ. ಅದರಲ್ಲಿ ಹನ್ನೆರಡು ಹಸಿರು ಗಾಜಿನ ಬಳೆ.

ಅಷ್ಟಕ್ಕೇ ನಮ್ಮ ಚಿತ್ರದುರ್ಗ ಎದ್ದು ಕುಣಿಯುತ್ತಿದೆ. ಪ್ಲೇಗು ಬಂದಾಗ ಊರು ಬಿಟ್ಟು ಚಂದ್ರವಳ್ಳಿ ಕಡೆ ಗುಡಿಸಲು ಹಾಕಿಕೊಂಡಿದ್ದೆವಲ್ಲ, ಆಗಲೂ ಇಷ್ಟು ಗಲಾಟೆ ಆಗಿರಲಿಲ್ಲ. ಸಂತೆಯಲ್ಲಿ ಅದೇ ಮಾತು. ಮಠದ ಜಗಲಿಯಲ್ಲಿ ಅದೇ ಮಾತು. ನಾನು ಪಾಠ ಹೇಳುವ ಮಿಡ್ಲ್ ಸ್ಕೂಲಿನ ಸ್ಟಾಫ್ ರೂಮಿನಲ್ಲೂ ಅದೇ ಮಾತು.

ತಟ್ಟೆ ನಮ್ಮ ಮನೆಯದು. ಬಳೆ ಗಿರಿಜ ಎಂಬ ಹುಡುಗಿಯವು. ಅವಳು ನಮ್ಮೂರ ನರ್ಸ್ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಬರುವ ತಿಂಗಳು ಎಗ್ಸಾಮು. ಆ ಎಗ್ಸಾಮಿಗೆ ಅವಳು ಕೂರಬೇಕೋ, ಪುಸ್ತಕ ಕಟ್ಟಿಟ್ಟು ಗಾಡಿ ಹತ್ತಬೇಕೋ ಎನ್ನುವುದು ಬರುವ ಶನಿವಾರ ತೀರ್ಮಾನವಾಗುತ್ತದೆ.

ವಾರ ವಾರ ಪತ್ರಿಕೆಯ ಈ ಮೂಲೆಯಲ್ಲಿ ನನ್ನ ಹರಟೆ ಓದಿ ನಗುವ ನೀವು ಇವತ್ತು ನಗು ಬರುತ್ತದೆಂದು ಕಾಯಬೇಡಿ. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಒಬ್ಬೊಬ್ಬರನ್ನೇ ಹೇಳುತ್ತೇನೆ. (ಪಟ್ಟಿಯಲ್ಲಿ ಮೊದಲು ನಾನೇ ಇದ್ದೇನೆ, ಹೆದರಬೇಡಿ.)

ಮೊದಲು ಆ ಕಾಲೇಜಿನ ವಿಷಯ. ಎರಡು ಕೋಣೆ, ಒಂದು ಪಡಸಾಲೆ, ಕಟ್ಟಡಕ್ಕಿಂತ ದೊಡ್ಡ ಬೋರ್ಡು. ಊರಿನ ದೊಡ್ಡವರು ಮೂವರು ಸೇರಿ ಕಮಿಟಿ ಮಾಡಿಕೊಂಡು ನಡೆಸುತ್ತಿದ್ದಾರೆ. ಪಾಠ ಹೇಳುವುದಕ್ಕೆ ಬೆಂಗಳೂರಿನಿಂದ ಒಬ್ಬ ಡಾಕ್ಟರಮ್ಮ ಬಂದಿದ್ದಾರೆ. ಓದುವವರು ಏಳು ಜನ. ಶುರುವಾದಾಗ ನಾನೇ ಇಲ್ಲಿ ಬರೆದಿದ್ದೆ, ದುರ್ಗಕ್ಕೆ ಪ್ರೋಗ್ರೆಸ್ ಬಂತು ಎಂದು. ನೀವು ಓದಿ ತಲೆಯಾಡಿಸಿದಿರಿ. ಕೆಲವರು ಕಾಗದ ಬರೆದು ಶಭಾಷ್ ಎಂದಿರಿ.

ಆ ಕಾಲೇಜಿಗೆ ನಮ್ಮ ಜನ ಇಟ್ಟಿರುವ ಹೆಸರು ಗೊತ್ತೇ? ಬೋಳುಗೈ ಕಾಲೇಜು.

ಏಳರಲ್ಲಿ ಆರು ಜನ ಗಂಡನನ್ನು ಕಳೆದುಕೊಂಡವರು. ಅವರಿವರ ಮನೆಯ ಒಲೆ ಮುಂದೆ ಸವೆಯುವ ಬದಲು ಏನಾದರೂ ಕಲಿಯಲಿ ಎಂದು ಮನೆಯವರು ಕಳಿಸಿದ್ದು ಕೆಲವರನ್ನು. ಒಂದು ಹೊಟ್ಟೆ ಕಡಿಮೆಯಾಗಲಿ ಎಂದು ಕಳಿಸಿದ್ದು ಹೆಚ್ಚಿನವರನ್ನು. ಅವರಲ್ಲಿ ಹಿರಿಯಳು ಕಾಶಮ್ಮ, ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದವಳು. ಹನ್ನೊಂದನೆಯ ವಯಸ್ಸಿಗೆ ಗಂಡ ಹೋದ. ಗಂಡನ ಮುಖ ನೆನಪಿಲ್ಲ, ಬಳೆ ಒಡೆದ ಕಲ್ಲು ನೆನಪಿದೆ ಎನ್ನುತ್ತಾಳೆ. ಕ್ಲಾಸಿಗೆಲ್ಲ ಅವಳೇ ಮುಂದು. ಡಾಕ್ಟರಮ್ಮ ಇಲ್ಲದಾಗ ಪಾಠ ತೆಗೆದುಕೊಳ್ಳುವವಳೂ ಅವಳೇ.

ಈ ಏಳು ಜನ ಇಲ್ಲಿ ಹೇಗೆ ಬದುಕುತ್ತಾರೆ ಎಂದು ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಾಡಿಗೆಗೆ ಮನೆ ಸಿಗಲಿಲ್ಲ, ಹೆಣದ ಮನೆಗೂ ಹೆರಿಗೆ ಮನೆಗೂ ಓಡಾಡುವವರಿಗೆ ಮನೆ ಕೊಡುವವರು ಯಾರು? ಹಗಲು ಬೆಂಚು ಹಾಕುವ ಕೋಣೆಯಲ್ಲೇ ಬೆಂಚು ಸರಿಸಿ ಮಲಗುತ್ತಾರೆ. ಬೀದಿಯ ಬಾವಿಗೆ ಎಲ್ಲರ ಸರದಿ ಮುಗಿದ ಮೇಲೆ ಹೋಗಬೇಕು. ಬೆಳಿಗ್ಗೆ ಸಾಲಾಗಿ ಬಿಳಿ ಸೀರೆಯಲ್ಲಿ ಹೊರಟರೆ ಎದುರಿಗೆ ಬಂದ ವ್ಯಾಪಾರಿ ವಾಪಸ್ ಹೋಗಿ, ಕಾಲು ತೊಳೆದು, ಮತ್ತೆ ಹೊರಡುತ್ತಾನೆ. ಅವರ ಚೀಲದ ಕಾರ್ಬಾಲಿಕ್ ಸೋಪಿನ ವಾಸನೆಗೆ ಹುಡುಗರು ಮೂಗು ಹಿಡಿದು ಹಾಡು ಕಟ್ಟಿದ್ದಾರೆ. (ಆ ಹುಡುಗರಲ್ಲಿ ಅರ್ಧ ನನ್ನ ಕ್ಲಾಸಿನವರು. ಪ್ರಾಸ ಚೆನ್ನಾಗಿ ಬಂದಿದೆ ಎಂದು ಒಮ್ಮೆ ನಾನು ನಕ್ಕಿದ್ದೇನೆ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.)

ಏಳನೆಯವಳು ಗಿರಿಜ. ಮುತ್ತೈದೆ. ಹೊಸದುರ್ಗದ ಕಡೆ ಮತ್ತೋಡಿನವಳು. ಮೊದಲ ಮಗು ಹುಟ್ಟುವಾಗಲೇ ಹೋಯಿತು. ಎರಡನೆಯದು ಏಳನೆಯ ದಿನ ಸೆಟೆದುಕೊಂಡು ಸತ್ತಿತು. ಮನೆಯವರು ಗ್ರಹ ಬಡಿಯಿತು ಎಂದರು. ಹೊಕ್ಕುಳ ಬಳ್ಳಿ ಕೊಯ್ದದ್ದು ಹೊಲದಿಂದ ಬಂದ ಕುಡುಗೋಲಿನಲ್ಲಿ ಎಂಬುದು ಅವಳಿಗೆ ಮಾತ್ರ ನೆನಪಿತ್ತು. ಹೊಸದುರ್ಗಕ್ಕೆ ಬಂದಿದ್ದ ಡಾಕ್ಟರಮ್ಮನ ಬಾಯಲ್ಲಿ ಕುಡುಗೋಲಿಗೂ ಆ ಸಾವಿಗೂ ಇರುವ ನಂಟು ತಿಳಿದ ದಿನ ಗಂಡನನ್ನು ಕೂರಿಸಿಕೊಂಡು ಹೇಳಿದಳಂತೆ, ನಾನು ಇದನ್ನು ಕಲಿಯಬೇಕು ಎಂದು. ಗಂಡ ತಿಪ್ಪೇಸ್ವಾಮಿ ಒಳ್ಳೆಯವನೇ. ಎರಡು ವರ್ಷ ತಾನೇ, ಕಲಿತು ಬಾ, ನಮ್ಮೂರಿಗೂ ಒಬ್ಬರು ಬೇಕು ಎಂದು ಕಳಿಸಿದ.

ಮೊದಲ ದಿನವೇ ಡಾಕ್ಟರಮ್ಮ ರೂಲು ಹೇಳಿದರು. ಹೆರಿಗೆ ಮುಟ್ಟುವ ಕೈ ಮೊಣಕೈ ತನಕ ಸೋಪು ಹಾಕಿ ಉಜ್ಜಿ ತೊಳೆದಿರಬೇಕು. ಕೈಯಲ್ಲಿ ಉಂಗುರ ಇರಬಾರದು, ಬಳೆ ಇರಬಾರದು. ಆರು ಜನಕ್ಕೆ ಬಿಚ್ಚುವುದಕ್ಕೆ ಏನೂ ಇರಲಿಲ್ಲ. ಗಿರಿಜಳ ಕೈತುಂಬ ಬಿಗಿ ಬಳೆ. ತಾನಾಗಿ ತೆಗೆದರೆ ಒಡೆಯದೆ ಬರುವಂಥವಲ್ಲ.

ಒಡೆಯುವುದೆಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ.

ಅವಳು ಪೇಟೆಯ ಬಳೆಗಾರನ ಹತ್ತಿರ ಹೋದಳು. ಸೋಪು ಹಚ್ಚಿ, ಅಂಗೈ ಹಿಂಡಿ, ಒಂದೂ ಒಡೆಯದ ಹಾಗೆ ಹಳೆಯವನ್ನು ತೆಗೆಸಿದಳು. ಒಂದು ಅಳತೆ ದೊಡ್ಡದು ತೊಡಿಸು ಎಂದಳು.

"ಸಡಿಲ ಬಳೆ ಕೈಯಾಗೆ ನಿಲ್ಲಲ್ಲ ಕಣವ್ವ" ಎಂದನಂತೆ ಆತ.

"ನಿಲ್ಲೋದು ಬ್ಯಾಡಪ್ಪ. ಬಿಚ್ಚಿ ಹಾಕ್ಕಂಬಂಗಿದ್ರೆ ಸಾಕು."

ಅಲ್ಲಿಂದ ಎರಡು ವರ್ಷ ಅವಳ ಗುಟ್ಟು ಗುಟ್ಟಾಗಿಯೇ ನಡೆಯಿತು. ಹೆರಿಗೆ ಮನೆಗೆ ಅವಳೂ ಕಾಶಮ್ಮನೂ ಜೊತೆಯಾಗಿ ಹೋಗುವುದು. ಹಿತ್ತಲ ಬಾಗಿಲಿನಿಂದ ಒಳಗೆ. ಬಚ್ಚಲಿನಲ್ಲಿ ಗಿರಿಜ ಬಳೆ ಬಿಚ್ಚಿ ಕೊಟ್ಟರೆ ಕಾಶಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವುದು. ಕೆಲಸ ಮುಗಿದ ಮೇಲೆ ತಾನೇ ತೊಡಿಸಿ ಹೊರಗೆ ಕಳಿಸುವುದು. ಹಿರಿಯೂರಿನ ತನಕ ಹೋಗಿ ಹೆರಿಗೆ ಮಾಡಿಸಿ ಬಂದಿದ್ದಾರೆ. ಯಾರಿಗೂ ತಿಳಿದಿಲ್ಲ. ಗಂಡ ಇಲ್ಲದವಳ ಸೆರಗಿನಲ್ಲಿ ಗಂಡ ಇರುವವಳ ಬಳೆ ಅಷ್ಟು ದಿನ ಕ್ಷೇಮವಾಗಿ ಇದ್ದವು, ಗಂಡನೂ ಮತ್ತೋಡಿನಲ್ಲಿ ಕ್ಷೇಮವಾಗಿ ಇದ್ದ.

ಆ ಜೋಡಿಯನ್ನು ಒಡೆದವನು ನಾನು.

ನನ್ನ ಮಗಳು ಮಂಗಳ ಚೊಚ್ಚಲ ಬಾಣಂತನಕ್ಕೆ ಹಿರಿಯೂರಿನಿಂದ ಬಂದಿದ್ದಳು. ನಮ್ಮ ಮನೆಯಲ್ಲಿ ಇರುವುದು ನಾನು, ನಮ್ಮವ್ವ, ಇಬ್ಬರೇ. ಮಂಗಳನ ತಾಯಿ ಇಲ್ಲ. ಮಗಳನ್ನು ಹೆತ್ತ ಒಂಬತ್ತನೆಯ ದಿನ ಬಾಣಂತಿ ಜ್ವರದಲ್ಲಿ ಹೋದಳು. ಕೂಸನ್ನು ಎತ್ತಿ ಸಾಕಿದ್ದು ಅವ್ವ.

ಹೋದ ತಿಂಗಳು ಒಂದು ಸೋಮವಾರ ಬೆಳಗ್ಗೆ ನೋವು ಜೋರಾಯಿತು. ಸೂಲಗಿತ್ತಿ ಹನುಮಕ್ಕ ಒಳಗಿದ್ದಳು. ನಮ್ಮ ಬೀದಿಯ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಂದವರು. ಅವಳು ಹೊರಗೆ ಬಂದು ನನ್ನ ಮುಂದೆ ಕೈ ಒರೆಸಿಕೊಂಡು ಹೇಳಿದಳು.

"ಕೂಸಿನ ಕಾಲು ಮುಂದಾಗೈತೆ ಸ್ವಾಮಿ. ನನ್ನ ಕೈ ಮೀರೈತೆ. ನರ್ಸಮ್ಮಾರ್ನ ಕರೆಸ್ರಿ, ತಡ ಮಾಡಬ್ಯಾಡ್ರಿ."

(ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವಳು ಈ ಕತೆಯಲ್ಲಿ ಹನುಮಕ್ಕ ಒಬ್ಬಳೇ. ಓದಿದವರು ಯಾರೂ ಅಲ್ಲ.)

ನಾನು ಚಪ್ಪಲಿ ಮೆಟ್ಟುವಾಗ ಅವ್ವ ಕೂಗಿ ಹೇಳಿದಳು, "ಲೇ, ಮುತ್ತೈದೆ ಇದ್ರೆ ಕರ್ಕಂಡ್ ಬಾ. ಬೋಳುಗೈಯವ್ರು ಬ್ಯಾಡ. ಚೊಚ್ಚಲ ಹೆರಿಗೆ ಐತೆ."

ಕಾಲೇಜಿಗೆ ಓಡಿದೆ. ಡಾಕ್ಟರಮ್ಮ ಹೊಳಲ್ಕೆರೆಯ ಕೇಸಿಗೆ ಹೋಗಿದ್ದರು, ಬರುವುದು ಸಂಜೆಯೇ. ನಾನು ವಿಷಯ ಹೇಳುತ್ತಿದ್ದ ಹಾಗೆ ಕಾಶಮ್ಮ ಎದ್ದು ಚೀಲ ಕೈಗೆ ತೆಗೆದುಕೊಂಡಳು. ಗಿರಿಜ ಅವಳ ಹಿಂದೆ ಎದ್ದಳು. ಆಗ ನಾನು, ದುರ್ಗಕ್ಕೆ ಪ್ರೋಗ್ರೆಸ್ ಬಂತು ಎಂದು ಬರೆದ ನಾನು, ಬಾಯಿ ಬಿಟ್ಟೆ.

"ನೀವು ಬೇಡ ಕಣಮ್ಮ. ತಪ್ಪು ತಿಳಿಯಬೇಡಿ. ಮನೆಯಲ್ಲಿ ಹಿರಿಯರಿದ್ದಾರೆ. ಈ ಹುಡುಗಿ ಒಬ್ಬಳೇ ಬರಲಿ."

ಕಾಶಮ್ಮ ಚೀಲವನ್ನು ಗಿರಿಜಳ ಕೈಗೆ ಕೊಟ್ಟಳು. "ಹೋಗವ್ವ. ಕೈ ಮಾತ್ರ ಮರೀಬ್ಯಾಡ" ಎಂದಳು. ಮತ್ತೆ ಬೆಂಚಿನ ಮೇಲೆ ಕೂತಳು. ಅವಳು ಹಾಗೆ ಕೂತದ್ದು ಎಷ್ಟನೆಯ ಸಲವೋ.

ಮನೆಗೆ ಬಂದೆವು. ಗಿರಿಜ ಕುದಿಸಿದ ನೀರು ಕೇಳಿದಳು. ಬಚ್ಚಲಿನಲ್ಲಿ ಹೊಗೆ ತುಂಬಿಕೊಂಡಿತ್ತೆಂದು ಹಂಡೆಯ ನೀರನ್ನು ನಡುಮನೆಗೇ ತಂದಿಟ್ಟೆ. ಅವಳು ಸುತ್ತ ನೋಡಿದಳು. ಬಳೆ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಹಿಡಿದುಕೊಳ್ಳುವವಳನ್ನು ನಾನು ಬೆಂಚಿನ ಮೇಲೆ ಕೂರಿಸಿ ಬಂದಿದ್ದೆ.

"ಒಂದು ತಟ್ಟೆ ಕೊಡ್ರಿ ಮೇಷ್ಟ್ರೇ" ಎಂದಳು.

ಕೊಟ್ಟೆ. ಅವಳು ಒಂದೊಂದಾಗಿ ಹನ್ನೆರಡನ್ನೂ ಬಿಚ್ಚಿ ತಟ್ಟೆಗೆ ಹಾಕಿದಳು. ಆ ಸದ್ದಿಗೆ ಅವ್ವ ತಿರುಗಿ ನೋಡಿದಳು.

"ಏನೇ ಇದು? ಹೆರಿಗೆ ಮನೆಯಾಗೆ ಬಳೆ ಬಿಚ್ತೀಯಾ?"

"ಕೈ ತೊಳ್ಕಂಬೇಕು ಅಜ್ಜಿ. ಕೆಲ್ಸ ಮುಗಿದ್ ಮ್ಯಾಲೆ ಹಾಕ್ಕಂತೀನಿ."

"ಮುತ್ತೈದೆ ಅಂತ ಕರೆಸಿದ್ರೆ ಮುಂಡೆ ಆಗಿ ಒಳಗೆ ಹೋಗ್ತೀಯಾ? ನಿನ್ ಗಂಡ ಬದುಕಿರಬೇಕೋ ಬ್ಯಾಡೋ? ನನ್ನ ಮೊಮ್ಮಗಳು ಮುತ್ತೈದೆಯಾಗಿ ಇರಬೇಕೋ ಬ್ಯಾಡೋ?"

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಮ್ಮವ್ವನ ಕೈಯೂ ಬೋಳುಗೈಯೇ. ಅಪ್ಪ ಹೋಗಿ ಇಪ್ಪತ್ತೈದು ವರ್ಷವಾಯಿತು. ಆವತ್ತು ಬೆಳಗಿನಿಂದ ಅವಳು ಹೆರಿಗೆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ತಾನು ಎದೆಗೆ ಹಾಕಿಕೊಂಡು ಬೆಳೆಸಿದ ಮೊಮ್ಮಗಳು ಒಳಗೆ ಕೂಗುತ್ತಿದ್ದಾಳೆ, ಇವಳು ಹೊರಗೆ ಗೋಡೆಗೆ ಒರಗಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದಾಳೆ. ಯಾಕೆ? ತನ್ನ ಕೈ ತಾಗಿದರೆ ಕೆಟ್ಟದಾಗುತ್ತದೆ ಎಂದು. ಅವಳಿಗೆ ಅದನ್ನು ಕಲಿಸಿದವರು ಯಾರು? ಮಠದಲ್ಲಿ ಕೂತು ನಮಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಕೈ ಮುಗಿಯುತ್ತೇವಲ್ಲ, ನಾವೇ.

ಆ ಹೊತ್ತಿನಲ್ಲಿ ಮನೆಯ ಯಜಮಾನನಾದ ನಾನು ಏನು ಮಾಡಿದೆ? ರಾಜಿ ಮಾಡಿಸಲು ಹೋದೆ.

"ಮೇಲಕ್ಕೆ ಸರಿಸಿ ಒಂದು ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲವೇನಮ್ಮ?"

"ಆಗಲ್ಲ ಮೇಷ್ಟ್ರೇ. ಮೊಣಕೈ ತನಕ ಉಜ್ಜಬೇಕು. ಬಳೆ ಸಂದಿಯಾಗಿನ ಹೊಲಸು ಬಾಣಂತಿಗೆ ತಾಗಿದ್ರೆ ಜ್ವರ ಬರ್ತೈತೆ. ಮೊದ್ಲು ಗೊತ್ತೇ ಆಗಲ್ಲ. ಮೂರನೇ ದಿನ ಚಳಿ ಹತ್ತಿ, ಎಂಟು ಒಂಬತ್ತು ದಿನಕ್ಕೆ..."

ಅವಳಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಪುಸ್ತಕದಲ್ಲಿದ್ದದ್ದನ್ನು ಹೇಳುತ್ತಿದ್ದಳು.

ಮೂರನೆಯ ದಿನ ಚಳಿ ಹತ್ತಿತ್ತು. ಒಂಬತ್ತನೆಯ ದಿನ ನನ್ನ ಹೆಂಡತಿ ಹೋದಳು. ಆ ಹೆರಿಗೆಗೆ ಬಂದವಳು ಕೈತುಂಬ ಬಳೆ ತೊಟ್ಟ ದೊಡ್ಡ ಮುತ್ತೈದೆ. ಹುಡುಕಿ ಕರೆತಂದವನು ನಾನು. ಹಣೆಬರಹ ಎಂದರು, ನಾನೂ ಹಣೆಬರಹ ಎಂದುಕೊಂಡು ಇಷ್ಟು ವರ್ಷ ಊಟ ಮಾಡಿಕೊಂಡು ಇದ್ದೇನೆ.

ನಾನು ಬೆಪ್ಪನ ಹಾಗೆ ನಿಂತೆ. ಗಿರಿಜ ಒದ್ದೆ ಕೈ ಹಿಡಿದುಕೊಂಡು ಕೇಳಿದಳು, "ಒಳಗೆ ಹೋಗ್ಲೋ, ವಾಪಸ್ ಹೋಗ್ಲೋ? ಹೇಳ್ರಿ. ಹೊತ್ತಿಲ್ಲ."

'ಒಳಗೆ ಹೋಗಮ್ಮ' ಎಂದೆ ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ಅನ್ನಲಿಲ್ಲ. ಕೋಣೆಯೊಳಗಿಂದ ಮಂಗಳನೇ ಕೂಗಿದಳು, "ಅಪ್ಪಾ, ಅವ್ಳನ್ನ ಬಿಡ್ರಿ ಒಳಗೆ. ನಾನು ಸಾಯ್ತೀನಿ."

ಗಿರಿಜ ಒಳಗೆ ಹೋಗಿ ಬಾಗಿಲು ಹಾಕಿದಳು.

ಮಧ್ಯಾಹ್ನ ಕೂಸು ಅತ್ತಿತು. ಹೆಣ್ಣು. ತಾಯಿಗೂ ಏನೂ ಆಗಲಿಲ್ಲ. ಗಿರಿಜ ಹೊರಗೆ ಬಂದು ತಟ್ಟೆಯಿಂದ ಬಳೆ ಎತ್ತಿ ತೊಟ್ಟುಕೊಂಡಳು. ಅವ್ವ ಅವಳ ಮುಖ ನೋಡಲಿಲ್ಲ, ಆದರೆ ನನ್ನ ಕೈಯಲ್ಲಿ ರವಿಕೆ ಕಣ, ಎಲೆ ಅಡಿಕೆ, ಒಂದು ಹಿಡಿ ಸಕ್ಕರೆ ಕೊಡಿಸಿದಳು. ಮೂರನೆಯ ದಿನ ಚಳಿ ಹತ್ತುತ್ತದೆಯೇ ಎಂದು ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಹತ್ತಲಿಲ್ಲ. ಒಂಬತ್ತನೆಯ ದಿನ ಎದ್ದು ಕೂತು ಮೆಣಸಿನ ಸಾರು ಖಾರವಾಯಿತು ಎಂದು ಜಗಳ ತೆಗೆದಳು.

ಇಲ್ಲಿಗೆ ಮುಗಿದಿದ್ದರೆ ಇದು ಸಿಹಿ ಹಂಚುವ ಅಂಕಣವಾಗುತ್ತಿತ್ತು. ಮುಗಿಯಲಿಲ್ಲ. ಮತ್ತೆ ನಾನೇ.

ಹೆರಿಗೆಯಾದ ಮರುದಿನ ಮಠದ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅಜ್ಜನಾದ ಖುಷಿ ನನಗೆ. ಕತೆ ಹೇಳುವ ಚಟ ಬೇರೆ. ಅವ್ವ ಹೇಗೆ ಬೆಚ್ಚಿದಳು, ಹುಡುಗಿ ಹೇಗೆ ಟಣ್ ಟಣ್ ಎಂದು ಬಳೆ ಬಿಚ್ಚಿ ತಟ್ಟೆಗೆ ಹಾಕಿದಳು ಎಂದು ಅವ್ವನ ದನಿಯಲ್ಲೇ ಆಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಕೂತಿದ್ದ ಇಬ್ಬರು ಗಾಡಿಯವರೂ ನಕ್ಕರು. ಹತ್ತಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರು. ಯಾವೂರು ಎಂದು ನಾನು ಕೇಳಲಿಲ್ಲ.

ಮತ್ತೋಡು.

ಹತ್ತು ದಿನದಲ್ಲಿ ಗಿರಿಜಳ ಅತ್ತೆ ಬಸಮ್ಮ ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಾಲೇಜಿನ ಬಾಗಿಲಿಗೆ ಬಂದಳು. ಸೋಮವಾರ ಇವಳು ಬಳೆ ಬಿಚ್ಚಿದ್ದಾಳೆ, ಮಂಗಳವಾರ ಅಲ್ಲಿ ಮಗನಿಗೆ ಜ್ವರ ಬಂದಿದೆ. ಇನ್ನೇನು ಸಾಕ್ಷಿ ಬೇಕು? ಕಮಿಟಿ ಹೋದ ಶನಿವಾರ ಸೇರಿತು. ಪಡಸಾಲೆಗೆ ಜಮಖಾನ ಹಾಸಿದರು. ಅಧ್ಯಕ್ಷರು ಹತ್ತಿ ಮಂಡಿಯ ದೊಡ್ಡ ಯಜಮಾನರು, ಅವರ ಎಡಬಲಕ್ಕೆ ಇನ್ನಿಬ್ಬರು. ಡಾಕ್ಟರಮ್ಮನಿಗೆ ಕುರ್ಚಿ. ಹುಡುಗಿಯರು ಬಾಗಿಲ ಹಿಂದೆ. ನಾನು ಸಾಕ್ಷಿ.

"ನನ್ನ ಮಗ ಸಾಯ್ಲಿ ಅಂತ ಕಾಯ್ತಾಳೆ ಇವ್ಳು" ಎಂದು ಬಸಮ್ಮ ಎದೆ ಬಡಿದುಕೊಂಡಳು.

ಸಾಯಬೇಕಾಗಿದ್ದ ಮಗ ತಿಪ್ಪೇಸ್ವಾಮಿ ಕಂಬಕ್ಕೆ ಒರಗಿ ಎಲೆ ಅಡಿಕೆ ಅಗಿಯುತ್ತಿದ್ದ. ಕಲ್ಲುಗುಂಡಿನ ಹಾಗಿದ್ದಾನೆ.

"ಜ್ವರ ಅಲ್ಲ ಕಣವ್ವ. ಗೌಡ್ರ ಮನೆಯಾಗೆ ಹೋಳಿಗೆ ಜಾಸ್ತಿ ತಿಂದಿದ್ದೆ" ಎಂದ ಮೆಲ್ಲಗೆ.

"ನೀನ್ ಸುಮ್ಕಿರು" ಎಂದಳು ಅವನ ತಾಯಿ. ಸುಮ್ಮನಾದ. ಒಳ್ಳೆಯವರೆಲ್ಲ ಹೀಗೆ ಸುಮ್ಮನಾಗುತ್ತಾರಲ್ಲ, ಅದಕ್ಕೇ ನನಗೆ ಒಳ್ಳೆಯವರನ್ನು ಕಂಡರೆ ಮೈ ಉರಿಯುತ್ತದೆ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಈಕೆ ಬಳೆ ಬಿಚ್ಚಿದ್ದು ನಿಜವೇ?"

"ನಿಜ. ಆದರೆ..."

"ಅಷ್ಟು ಸಾಕು, ಕುಂತ್ಕಳ್ರಿ."

ಕೂತೆ. ನೂರು ಹುಡುಗರಿಗೆ ಗಟ್ಟಿಯಾಗಿ ಮಾತಾಡಿ ಎಂದು ಬೆತ್ತ ತೋರಿಸುವ ಮೇಷ್ಟ್ರು, 'ಆದರೆ' ಎಂಬಲ್ಲಿಗೆ ನಿಂತು ಕೂತುಬಿಟ್ಟೆ.

ಡಾಕ್ಟರಮ್ಮ ಒಬ್ಬರೇ ನೇರ ಮಾತಾಡಿದರು. "ಬಳೆ ಬಿಚ್ಚದ ಕೈಗೆ ನಾನು ಸರ್ಟಿಫಿಕೇಟು ಕೊಡೋದಿಲ್ಲ. ನೀವು ಕಮಿಟಿ ಅಲ್ಲ, ಏನು ಬೇಕಾದರೂ ಆಗಿ."

ಅಧ್ಯಕ್ಷರು ಗಡ್ಡ ತುರಿಸಿಕೊಂಡು ತೀರ್ಪು ಕೊಟ್ಟರು. ಜನರ ಮನಸ್ಸು ನೋಯಿಸಿ ಕಾಲೇಜು ನಡೆಸಲಾಗದು. ಇನ್ನು ಮುಂದೆ ಬಳೆ ಬಿಚ್ಚುವುದಿಲ್ಲ ಎಂದು ಗಿರಿಜ ದೇವರ ಮುಂದೆ ಪ್ರಮಾಣ ಮಾಡಬೇಕು. ಇಲ್ಲವೆ ಅತ್ತೆಯ ಜೊತೆ ಊರಿಗೆ ಹೋಗಬೇಕು. ಯೋಚಿಸಲು ಒಂದು ವಾರ.

ನೋಡಿದಿರಾ ಇದರ ಚೆಂದ? ಪ್ರಮಾಣ ಮಾಡಿದರೆ ಡಾಕ್ಟರಮ್ಮ ಪಾಸು ಮಾಡುವುದಿಲ್ಲ. ಮಾಡದಿದ್ದರೆ ಕಮಿಟಿ ಎಗ್ಸಾಮಿಗೆ ಕೂರಿಸುವುದಿಲ್ಲ. ಗಂಡ ಸತ್ತವಳು ಹೆರಿಗೆಗೆ ಬರಬಾರದು, ಅವಳ ಕೈ ಬೋಳು. ಗಂಡ ಇರುವವಳು ಬರಬಹುದು, ಆದರೆ ಕೈ ಬೋಳು ಮಾಡಬಾರದು. ಕೈ ಬೋಳು ಮಾಡದೆ ತೊಳೆಯಲಾಗದು, ತೊಳೆಯದೆ ಮುಟ್ಟಿದರೆ ಬಾಣಂತಿ ಸಾಯುತ್ತಾಳೆ. ಹಾಗಾದರೆ ಯಾರು ಬರಬೇಕು ಸ್ವಾಮಿ? ಕಮಿಟಿಯ ಮೂವರು ಬರುತ್ತಾರೆಯೇ?

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಕಾಶಮ್ಮನ ದನಿ ಬಂತು. ಜೋರಾಗಿ ಅಲ್ಲ, ನೀರು ಬೇಕೇ ಎಂದು ಕೇಳುವ ಹಾಗೆ.

"ಒಂದು ಮಾತು ಯಜಮಾನ್ರೇ. ಇಲ್ಲಿ ನಾವು ಆರು ಜನ ಇದೀವಿ. ನಮ್ಮ ಬಳೆ ಒಡೆದಾಗ ಯಾವ ಕಮಿಟಿ ಸೇರಿತ್ರೀ?"

ಅಧ್ಯಕ್ಷರು ಚೊಂಬು ಎತ್ತಿ ನೀರು ಕುಡಿದರು. ಬಹಳ ಹೊತ್ತು ಕುಡಿದರು.

ಕಾಶಮ್ಮನ ಪ್ರಶ್ನೆ ನನ್ನನ್ನು ಮನೆಯ ತನಕ ಬಿಡಲಿಲ್ಲ. ನಾನೂ ಹೆಂಡತಿ ಸತ್ತವನು. ಆವತ್ತು ನನ್ನ ಕೈಯಿಂದ ಯಾರು ಏನನ್ನು ಬಿಚ್ಚಿದರು? ಉಂಗುರ ಹಾಗೆಯೇ ಇದೆ, ನೋಡಿ, ಬರೆಯುವ ಬೆರಳಿನಲ್ಲೇ ಇದೆ. ಮದುವೆಗಳಿಗೆ ಕರೆಯುತ್ತಾರೆ. ನಡುಮನೆಯಲ್ಲಿ ಕೂರಿಸುತ್ತಾರೆ. ಅಕ್ಷತೆ ಕೈಗೆ ಕೊಡುತ್ತಾರೆ. ನಾನು ಎದುರಿಗೆ ಬಂದರೆ ಯಾವ ವ್ಯಾಪಾರಿಯೂ ವಾಪಸ್ ಹೋಗಿ ಕಾಲು ತೊಳೆಯುವುದಿಲ್ಲ. ಹನ್ನೊಂದು ವರ್ಷದ ಕೂಸಿನ ಬಳೆಯನ್ನು ಕಲ್ಲಿಗೆ ಹಾಕಿ ಒಡೆಯುವುದಕ್ಕೆ ನಮಗೆ ಕೈ ನಡುಗುವುದಿಲ್ಲ. ಒಬ್ಬಳು ತಾನೇ ಬಿಚ್ಚಿ, ಒಂದು ಜೀವ ಉಳಿಸಿ, ತಾನೇ ಮತ್ತೆ ತೊಟ್ಟುಕೊಂಡರೆ ಮಾತ್ರ ನಮಗೆ ನಡುಕ. ಯಾಕೆ ಎಂದರೆ ಬಳೆ ಒಡೆಯುವ ಹಕ್ಕು ನಮ್ಮದು, ಬಿಚ್ಚುವ ಹಕ್ಕು ಅವಳಿಗೆ ಕೊಟ್ಟವರು ಯಾರು? ಇದೇ ಒಳಗಿರುವ ಕಾರಣ. ಗಂಡನ ಆಯಸ್ಸೂ ಇಲ್ಲ, ದೇವರೂ ಇಲ್ಲ.

ಮನೆಯಲ್ಲಿ ಅವ್ವ ಕಾಯುತ್ತಿದ್ದಳು. ಏನಂದರು ಎಂದು ಕೇಳಿದಳು. ಹೇಳಿದೆ. ಕಾಶಮ್ಮನ ಮಾತನ್ನೂ ಹೇಳಿದೆ. ಅವ್ವ ತನ್ನ ಮುಂಗೈ ನೋಡಿಕೊಂಡಳು.

"ನೀನೇನಂದೆ?" ಎಂದಳು.

"ಆದರೆ ಎಂದೆ. ಕೂರಿಸಿಬಿಟ್ಟರು."

"ನಿಮ್ಮಪ್ಪ ಹೋದಾಗ ನನ್ನ ಕೈ ಹಿಡ್ಕಂಡು ಕಲ್ಲಿಗೆ ಬಡಿದ್ರು. ನೀನು ಅಲ್ಲೇ ನಿಂತಿದ್ದೆ, ದೊಡ್ಡವನಾಗಿದ್ದೆ. ಸುಮ್ಕಿದ್ದೆ. ನಾನು 'ಕಟ್ಟಳೆ ಇರಬೋದು' ಅಂದ್ಕಂಡೆ. ಮೊನ್ನೆ ಆ ಹುಡುಗಿಗೆ ನಾನು ಬಾಯಿಗೆ ಬಂದಂಗೆ ಅಂದೆ, ಆಗ್ಲೂ ಸುಮ್ಕಿದ್ದೆ. ಇವತ್ತೂ ಸುಮ್ಕೆ ಕುಂತು ಬಂದೆ. ಬರೆಯಾದ್ರಾಗೆ ಗಟ್ಟಿಗ ಕಣಪ್ಪ ನೀನು."

ಹಾಗೆಂದವಳು ಬಚ್ಚಲಿಗೆ ಹೋದಳು. ಗಿರಿಜ ಬಿಟ್ಟು ಹೋಗಿದ್ದ ಸೋಪಿನ ಚೂರು ಅಲ್ಲಿತ್ತು. ಮೊಣಕೈ ತನಕ ಉಜ್ಜುವ ಸದ್ದು ಕೇಳಿಸಿತು. ಬಂದವಳು ನೇರ ಕೋಣೆಯ ಹೊಸ್ತಿಲು ದಾಟಿ ಒಳಗೆ ಹೋಗಿ, "ತಾರೇ ಇಲ್ಲಿ" ಎಂದು ಮಂಗಳನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. ಹುಟ್ಟಿ ಹನ್ನೆರಡು ದಿನಕ್ಕೆ ಮುತ್ತಜ್ಜಿ ಮೊದಲ ಸಲ ಮುಟ್ಟಿದಳು. ನನಗೆ ನಾಚಿಕೆಯಾಯಿತು, ಬರೆಯುವುದೂ ಒಂದು ಸುಮ್ಮನಿರುವ ಬಗೆಯಾಗಿತ್ತಲ್ಲ ಎಂದು.

ಈಗ ಕೊನೆಯ ಸಂಗತಿ. ಇದಕ್ಕಾಗಿಯೇ ಈ ವಾರ ಕಾಗದ ಕೈಗೆ ತೆಗೆದುಕೊಂಡದ್ದು.

ಮರುದಿನ ಭಾನುವಾರ ಬೆಳಗ್ಗೆ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಕೂಸನ್ನು ನೋಡಲು ಎಂದರು. ಕೂಸನ್ನು ಅರ್ಧ ನಿಮಿಷ ನೋಡಿದರು. ಆಮೇಲೆ ನನ್ನನ್ನು ಜಗಲಿಯ ಮೂಲೆಗೆ ಕರೆದರು.

"ನಮ್ಮ ಹುಡುಗೀನೂ ಹೊಸದುರ್ಗದಿಂದ ಬಂದೈತೆ ಮೇಷ್ಟ್ರೇ. ಎಂಟು ತಿಂಗಳಾಗೆ ಬಿದ್ದೈತೆ. ಸ್ವಲ್ಪ ಕಷ್ಟ ಅಂತಾಳೆ ಹನುಮಕ್ಕ." ಆ ಕಡೆ ಈ ಕಡೆ ನೋಡಿದರು. "ಆ ಗಿರಿಜನ ಕೈಗುಣ ಹೆಂಗೈತೆ? ಹೊತ್ತಿಗೆ ಕರೆದ್ರೆ ಬರ್ತಾಳೇನು?"

"ಶನಿವಾರ ನೀವೇ ಅವಳನ್ನು ಊರಿಗೆ ಕಳಿಸುತ್ತೀರಲ್ಲ?" ಎಂದೆ.

"ಮತ್ತೋಡಿಗೆ ಗಾಡಿ ಕಳಿಸ್ತೀನಿ ಬಿಡ್ರಿ, ಅದೇನು ದೊಡ್ಡದು."

"ಬಳೆ?"

ಅವರು ನಕ್ಕು ನನ್ನ ಭುಜ ತಟ್ಟಿದರು. "ಮನೆ ಒಳಗಿಂದು ಊರಿಗೆ ಯಾಕೆ ಗೊತ್ತಾಗ್ಬೇಕು? ಬಾಗ್ಲು ಹಾಕ್ಕಂಡ್ರೆ ಆತು. ನೀವೂ ಎಲ್ಲೂ ಆಡಬ್ಯಾಡ್ರಿ."

ಆಡಬೇಡಿ ಎಂದಿದ್ದಾರೆ. ಅದಕ್ಕೇ ಬರೆದಿದ್ದೇನೆ. ಮಠದ ಜಗಲಿಯಲ್ಲಿ ಆಡಬಾರದ್ದನ್ನು ಆಡಿ ಒಬ್ಬ ಹುಡುಗಿಯ ಓದಿಗೆ ಕಲ್ಲು ಹಾಕಿದ ಬಾಯಿ ಇದು. ಈ ಸಲವಾದರೂ ಆಡಬೇಕಾದ್ದನ್ನು ಆಡಲಿ. ಶನಿವಾರ ಅದೇ ಜಮಖಾನದ ಮುಂದೆ ನಿಂತು 'ಆದರೆ' ಎಂಬಲ್ಲಿಂದಲೇ ಶುರು ಮಾಡುತ್ತೇನೆ. ಅವ್ವನೂ ಬರುತ್ತಾಳಂತೆ. (ನನ್ನ ಕೆಲಸಕ್ಕೆ ಏನಾಗುತ್ತದೆ ಎಂದು ಕೇಳಬೇಡಿ. ನಮ್ಮ ಸ್ಕೂಲಿನ ದೊಡ್ಡವರಿಗೂ ಈ ಅಧ್ಯಕ್ಷರಿಗೂ ಬಹಳ ಸಲಿಗೆ.)

ಅಧ್ಯಕ್ಷರು ಹೋದ ಮೇಲೆ ಕಾಲೇಜಿಗೆ ಹೋದೆ. ಮೊದಲು ಕಾಶಮ್ಮನ ಮುಂದೆ ನಿಂತು ತಪ್ಪಾಯಿತು ಎಂದೆ. "ಕುಂತ್ಕಳ್ರಿ ಮೇಷ್ಟ್ರೇ" ಎಂದಳು, ಅಷ್ಟೇ. ಪಕ್ಕದಲ್ಲಿ ಗಿರಿಜ ಸೀರೆ ಮಡಿಸಿ ಟ್ರಂಕಿಗೆ ಇಡುತ್ತಿದ್ದಳು. ಪ್ರಮಾಣ ಮಾಡುವುದಿಲ್ಲ ಎಂದು ಅವಳು ಆಗಲೇ ಡಾಕ್ಟರಮ್ಮನಿಗೆ ಹೇಳಿ ಆಗಿತ್ತು. ನಾನು ಅಧ್ಯಕ್ಷರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತಳು.

"ಬರ್ತೀನಿ ಅನ್ರಿ. ಆ ಅಕ್ಕ ಏನ್ ತಪ್ಪು ಮಾಡ್ಯಾಳೆ? ಮತ್ತೋಡಿನಾಗಿದ್ರೂ ಬರ್ತೀನಿ. ಆದ್ರೆ ಕಾಶಮ್ಮಕ್ಕನೂ ನಾನೂ ಮುಂದಿನ ಬಾಗ್ಲಾಗೆ ಬರ್ತೀವಿ. ಬಳೆ ಇಡಾಕೆ ಒಂದು ತಟ್ಟೆ ಇಟ್ಟಿರ್ಲಿ. ನಡುಮನೆಯಾಗೆ, ಎಲ್ಲಾರಿಗೂ ಕಾಣಂಗೆ."

ಅಧ್ಯಕ್ಷರೇ, ತಟ್ಟೆ ಇಡುತ್ತೀರಾ?